ಏಳನೇ ಡಬ್ಬ

ಫ್ಯಾನು ಹಾಕುವ ಹಾಗಿಲ್ಲ, ದೂಳು ಏಳುತ್ತದೆ. ಕಿಟಕಿ ತೆಗೆಯುವ ಹಾಗಿಲ್ಲ, ಇನ್ನಷ್ಟು ದೂಳು ಬರುತ್ತದೆ. ಬಾಗಿ ನೋಡುವಾಗ ಜೋರಾಗಿ ಉಸಿರು ಬಿಡುವ ಹಾಗೂ ಇಲ್ಲ, ಫಿಲಮಿನ ಮೇಲೆ ಆವಿ ಕೂರುತ್ತದೆ. ಹಾಗಾದರೆ ನಾನು ಬದುಕಿರಬಹುದೋ ಬೇಡವೋ ಅಂತ ಅಪ್ಪನನ್ನೇ ಕೇಳಿಬಿಡಬೇಕು ಅನ್ನಿಸಿತ್ತು ಸಂಘಮಿತ್ರಾಗೆ. ಏಪ್ರಿಲ್ ತಿಂಗಳ ಸೆಕೆ, ಪುಟ್ಟೇನಹಳ್ಳಿಯ ಆ ನಡುಮನೆ ಒಲೆಯ ಮೇಲಿಟ್ಟ ಹಾಗೆ ಕಾದಿತ್ತು. ಬನಶಂಕರಿಯ ಹೈಸ್ಕೂಲಿನಲ್ಲಿ ವರ್ಷವೆಲ್ಲ ಗಣಿತ ಹೇಳಿ ಗಂಟಲು ಹರಿದುಕೊಂಡವಳು ಬೇಸಿಗೆ ರಜೆಗೆಂದು ಅಪ್ಪ ಅವ್ವನ ಮನೆಗೆ ಬಂದಿದ್ದಳು. ಹನ್ನೊಂದು ದಿನವಾಯಿತು, ಒಂದು ಮಧ್ಯಾಹ್ನವೂ ಕಣ್ಣು ಮುಚ್ಚಿರಲಿಲ್ಲ.

ಅವಳ ಮುಂದೆ ಒಂದು ಟ್ಯಾಬು ಅಂಗಾತ ಮಲಗಿ ಬರೀ ಬಿಳಿ ಬೆಳಕು ಕಾರುತ್ತಿತ್ತು. ಅದರ ಮೇಲೆ ತಳ ಕತ್ತರಿಸಿದ ಶೂ ಡಬ್ಬ, ಡಬ್ಬದ ನೆತ್ತಿಯಲ್ಲಿ ತೂತು, ತೂತಿನ ಮೇಲೆ ಫೋನು. ಒಳಗೆ ಒಂದೊಂದೇ ಸ್ಲೈಡು ಇಟ್ಟು ಒಂದೊಂದೇ ಫೋಟೋ ತೆಗೆಯಬೇಕು. ಸ್ಲೈಡು ಅಂದರೆ ಏನು ಮಹಾ, ರಟ್ಟಿನ ಚೌಕಟ್ಟಿನ ನಡುವೆ ಅಂಚೆ ಚೀಟಿಯಷ್ಟು ಫಿಲಮ್ಮು. ಹಿಂದಿನಿಂದ ಬೆಳಕು ಬಿಟ್ಟರೆ ಚಿತ್ರ ಕಾಣುತ್ತದೆ. ಅಂಥವು ಎಂಟುನೂರರ ಮೇಲಿದ್ದವು. ಅವಳ ಅಪ್ಪ ಯಲ್ಲಯ್ಯ ಆರೋಗ್ಯ ಇಲಾಖೆಯ ಪ್ರಚಾರ ವ್ಯಾನಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಊರೂರಿಗೆ ಹೋಗಿ, ಶಾಲೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಕಜ್ಜಿ ಹೇಗೆ ಬರುತ್ತದೆ, ಸೊಳ್ಳೆ ಎಲ್ಲಿ ಮೊಟ್ಟೆ ಇಡುತ್ತದೆ ಅಂತ ಜನಕ್ಕೆ ತೋರಿಸಿ ಬರುವುದು ಅವರ ಕೆಲಸ. ಪ್ರೊಜೆಕ್ಟರು ಕಂಡಮ್ ಆಗಿ ಗುಜರಿಗೆ ಹೋಯಿತು. ಸ್ಲೈಡುಗಳನ್ನು ಮಾತ್ರ ಸಾಹೇಬರ ಕೈಕಾಲು ಹಿಡಿದು ಮನೆಗೆ ತಂದಿಟ್ಟುಕೊಂಡರು.

ಸಂಘಮಿತ್ರಾಗೆ ಬೇಕಾಗಿದ್ದದ್ದು ಆ ಎಂಟುನೂರರಲ್ಲಿ ಒಂದೇ ಒಂದು. ಅವ್ವ ಕೆಂಪಕ್ಕನ ತಾಯಿ ಚೌಡಕ್ಕ ಇರುವ ಸ್ಲೈಡು. ಚೌಡಕ್ಕ ಸತ್ತು ಐವತ್ತು ವರ್ಷ ದಾಟಿತ್ತು, ಸಂಘಮಿತ್ರಾ ಆಗಿನ್ನೂ ಹುಟ್ಟಿರಲಿಲ್ಲ. ಆಯಮ್ಮನ ಫೋಟೋ ಅಂತ ಬೇರೆ ಒಂದೂ ಇಲ್ಲ. ಈಗ ಕೆಂಪಕ್ಕನ ಕಣ್ಣು ಹೋಗುತ್ತಿತ್ತು. ಬಲಗಣ್ಣು ಹೋಗೇಬಿಟ್ಟಿತ್ತು, ಎಡಗಣ್ಣಿನಲ್ಲಿ ನಡುವೆ ಮಸುಕು, ಅಂಚಿನಲ್ಲಿ ಮಾತ್ರ ಒಂದಿಷ್ಟು ಬೆಳಕು ಉಳಿದಿತ್ತು. ಯಾರನ್ನಾದರೂ ನೋಡಬೇಕೆಂದರೆ ಕೋಳಿಯ ಹಾಗೆ ಕತ್ತು ವಾರೆ ಮಾಡಿ ನೋಡುತ್ತಿದ್ದಳು. ಹೋದದ್ದು ತಿರುಗಿ ಬರುವುದಿಲ್ಲ, ಇರುವುದು ಎಷ್ಟು ತಿಂಗಳು ಅಂತ ಹೇಳಲಾಗುವುದಿಲ್ಲ ಅಂದಿದ್ದರು ಡಾಕ್ಟರು. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಕೂತು ಕೆಂಪಕ್ಕ ಒಂದೇ ಮಾತು ಕೇಳಿದ್ದಳು.

"ನಿಮ್ಮಪ್ಪ ಒಂದ್ಸಲ ನಮ್ಮವ್ವಂದು ಫೋಟ ಇಡಿದಿದ್ರು ಕಣವ್ವ. ಅದ ದೊಡ್ಡದಾಗಿ ಮಾಡ್ಕೊಡು, ಟೀವೀಲಿ ನೋಡ್ತೀನಿ. ಕಣ್ಣು ಪೂರ್ತಿ ಹೋಗಕ್ ಮುಂಚೆ."

ಇಷ್ಟೇ. ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದಳು ಸಂಘಮಿತ್ರಾ. ಅಪ್ಪನನ್ನು ಲೆಕ್ಕಕ್ಕೆ ಹಿಡಿಯದೆ ಹಾಗೆ ಅಂದುಕೊಂಡದ್ದು ಅವಳದೇ ತಪ್ಪು.

ಯಾವ ಡಬ್ಬದಲ್ಲಿದೆ ಅಪ್ಪ ಅಂದರೆ ಎಲ್ಲೋ ಇರಬೇಕು ಅನ್ನುತ್ತಾರೆ. ಸರಿ, ಎಲ್ಲ ಡಬ್ಬ ಕೊಡು ನಾನೇ ಹುಡುಕುತ್ತೇನೆ ಅಂದರೆ ಹಾಗೆಲ್ಲ ಸುರಿದು ಹುಡುಕಬಾರದು, ನಂಬರ್ ಪ್ರಕಾರ ಹೋಗಬೇಕು ಅನ್ನುತ್ತಾರೆ. ಒಂದನೇ ಡಬ್ಬ, ಒಂದನೇ ಸ್ಲೈಡು: ಸೊಳ್ಳೆ. ಎರಡು: ಸೊಳ್ಳೆಯ ಮರಿ. ಮೂರು: ಕೊಳಚೆ ನೀರಿನಲ್ಲಿ ಸೊಳ್ಳೆಯ ಮರಿ. ಒಂದೊಂದಕ್ಕೂ ಒಂದೊಂದು ಪುರಾಣ ಬಿಚ್ಚುತ್ತಿದ್ದರು. ಆವತ್ತು ಹುಳಿಮಾವಿನಲ್ಲಿ ಮಳೆ ಬಂದು ಪರದೆ ನೆನೆದದ್ದು, ಜನರೇಟರ್ ಕೈಕೊಟ್ಟಾಗ ಡ್ರೈವರ್ ಮಾರಯ್ಯ ವ್ಯಾನಿನ ಬ್ಯಾಟರಿ ಬಿಚ್ಚಿಕೊಟ್ಟದ್ದು. ಅವಳು ಗಡಿಬಿಡಿಯಲ್ಲಿ ಸ್ಲೈಡು ನೆಟ್ಟಗೆ ಇಟ್ಟರೆ ತಲೆಕೆಳಗಾಗಿ ಇಡಬೇಕು ಅಂತ ತೆಗೆಸುತ್ತಿದ್ದರು. ಅದು ಪ್ರೊಜೆಕ್ಟರಿಗೆ ಅಪ್ಪ, ಫೋನಿಗೆ ಬೇಕಾಗಿಲ್ಲ ಅಂದರೆ, ಪದ್ಧತಿ ಅಂದರೆ ಪದ್ಧತಿ ಅನ್ನುತ್ತಿದ್ದರು. ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಗೊಟ್ಟಿಗೆರೆಯಲ್ಲಿ ಮನೆ ಮಾಡಿಕೊಂಡಿರುವ ತಮ್ಮ ಪ್ರಸನ್ನ ಬೇರೆ ದಿನಕ್ಕೆರಡು ಸಲ ಫೋನ್ ಮಾಡಿ ಉಪದೇಶ ಕೊಡುತ್ತಿದ್ದ. ಅಂಗಡಿಗೆ ಕೊಟ್ಟು ಬಾರೇ ಅಕ್ಕ, ಈ ಕಾಲದಲ್ಲಿ ಯಾರು ಕೈಯಲ್ಲಿ ಮಾಡ್ತಾರೆ ಅಂತ. ಅವಳು ಅದನ್ನೂ ಮಾಡಿ ಬಂದಿದ್ದಳು. ಜಯನಗರದ ಒಂದು ಸ್ಟುಡಿಯೋದವನು, ಮಾದರಿಗೆ ಅಂತ ಒಯ್ದಿದ್ದ ಸ್ಲೈಡನ್ನು ಹಿಂದೆ ಮುಂದೆ ತಿರುಗಿಸಿ, ಇದೇನು ಮೇಡಂ ಅಂತ ಅವಳನ್ನೇ ಕೇಳಿದ. ಇನ್ನೊಬ್ಬ ಮುಂಬೈಗೆ ಕಳಿಸಬೇಕು ಅಂದ, ಅಪ್ಪ ಇನ್ನು ಒಂದನ್ನೂ ಹೊಸಿಲು ದಾಟಿಸಬೇಡ ಅಂದರು. ಅಲ್ಲಿಗೆ ಆ ದಾರಿಯೂ ಮುಚ್ಚಿತು. ಇಷ್ಟೆಲ್ಲ ಹೇಳಿದ ಮೇಲೂ ಪ್ರಸನ್ನ, ಒಂದು ಆ್ಯಪ್ ಇದೆಯಂತೆ ಅಂತ ಶುರು ಮಾಡಿದಾಗ ಫೋನು ಕಟ್ ಮಾಡಿದಳು.

ನಾಲ್ಕನೇ ಡಬ್ಬದಲ್ಲಿ ಉಗುರಿನ ಸ್ಲೈಡು ಬಂತು. ಮಣ್ಣು ತುಂಬಿದ ಉದ್ದ ಉಗುರುಗಳ ಕೈ, ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಶಾಯಿಯಲ್ಲಿ ಇಂಟು ಗುರುತು. ಮುಂದಿನದು ಕತ್ತರಿಸಿದ ಉಗುರಿನ ಕೈ, ಮೂಲೆಯಲ್ಲಿ ಹಸಿರು ರೈಟ್ ಗುರುತು. ಯಲ್ಲಯ್ಯನವರ ಮುಖ ಅರಳಿತು. ಯಾವಾಗಲೂ ಜೋಡಿಯಾಗಿಯೇ ತೋರಿಸಬೇಕಂತೆ, ಮೊದಲು ತಪ್ಪು, ಆಮೇಲೆ ಸರಿ. ತಪ್ಪು ಬಂದಾಗ ಜನ ನಗಬೇಕು, ನಕ್ಕರೆ ಮರೆಯುವುದಿಲ್ಲ.

"ಇದ್ಯಾರ ಕೈ?" ಅಂದಳು.

"ಮಾರಯ್ಯಂದು. ವಾರಗಟ್ಲೆ ಉಗುರು ಬಿಡಿಸಿದ್ದೆ," ಅಂತ ನಕ್ಕವರು ಇದ್ದಕ್ಕಿದ್ದಂತೆ ಸುಮ್ಮನಾಗಿ, ಕಾಫಿ ಮಾಡ್ತೀಯಾ ಅಂದರು. ಯಾಕೆ ಅಂತ ಅವಳಿಗೆ ಆಗ ಹೊಳೆಯಲಿಲ್ಲ. ಕಾಫಿ ಮಾಡಿದಳು.

ಆರನೇ ಡಬ್ಬ ಮುಗಿದ ಮೇಲೆ ಅಪ್ಪ ಎಂಟನೆಯದನ್ನು ಮುಂದಿಟ್ಟರು. ಏಳು ಎಲ್ಲಿ ಅಂತ ಕೇಳಿದಳು. ಕಳೆದುಹೋಯಿತು ಅಂದರು. ಹೇಗೆ ಕಳೆಯಿತು? ಟ್ರಾನ್ಸ್‌ಫರಿನಲ್ಲಿ. ಯಾವ ಟ್ರಾನ್ಸ್‌ಫರು? ಯಲ್ಲಯ್ಯ ಮೂವತ್ತು ವರ್ಷ ಒಂದೇ ಆಫೀಸಿನಲ್ಲಿ ಇದ್ದವರು. ಆದರೆ ಸೆಕೆ, ಬೆವರು, ಪಕ್ಕದ ರೂಮಿನಿಂದ ಅವ್ವ ಗಂಟೆಗೊಂದು ಸಲ "ಸಿಕ್ತಾ ಮಗ?" ಅಂತ ಕೇಳುವುದು, ಎಲ್ಲ ಸೇರಿ ಅವಳ ತಲೆ ಚಿಟ್ಟು ಹಿಡಿದಿತ್ತು. ಹಾಳಾಗಿಹೋಗಲಿ ಅಂತ ಎಂಟಕ್ಕೆ ಕೈ ಹಾಕಿದಳು. ಎಂಟು, ಒಂಬತ್ತು, ಹತ್ತು. "ಮನೆ" ಅಂತ ಚೀಟಿ ಅಂಟಿಸಿದ ಹನ್ನೊಂದನೆಯದರಲ್ಲಿ ಕೆರೆ ಏರಿ ಇತ್ತು, ಯಾರದೋ ಎತ್ತು ಇತ್ತು, ಹಲ್ಲಿಲ್ಲದ ಪ್ರಸನ್ನ ಚಡ್ಡಿ ಇಲ್ಲದೆ ನಿಂತದ್ದು ನಾಲ್ಕು ಇತ್ತು. ಚೌಡಕ್ಕ ಇರಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಕೊನೆಯ ಸ್ಲೈಡು ಮುಗಿದಾಗ ಅವಳಿಗೆ ಅಳು ಬರುವುದೊಂದು ಬಾಕಿ. ಹೋಗಿ ಅವ್ವನಿಗೆ ಇಲ್ಲ ಅಂತ ಹೇಳಬೇಕು. ಕೆಂಪಕ್ಕ ಮಂಚದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು, ಕಣ್ಣಿನಿಂದಲ್ಲ, ಬೆರಳಿನಿಂದ. ಬೆಳಿಗ್ಗೆ ಎದ್ದಾಗಿನಿಂದ ಗೋಡೆ ಮೇಲಿನ ಬುದ್ಧನ ಪಟ ಕಾಣುತ್ತಿಲ್ಲ ಅಂದಳು. ನಿನ್ನೆವರೆಗೂ ವಾರೆ ನೋಡಿದರೆ ಕಾಣುತ್ತಿತ್ತಂತೆ. ಗೋಳಾಡದೆ, ಹಾಲು ಮುಗಿದಿದೆ ಅನ್ನುವ ಹಾಗೆ ಹೇಳಿದಳು. ಸಂಘಮಿತ್ರಾ ಇಲ್ಲ ಅನ್ನುವುದನ್ನು ಹೇಳದೆಯೇ ನಡುಮನೆಗೆ ವಾಪಸ್ಸು ಬಂದಳು.

ಅಪ್ಪ ಸ್ನಾನಕ್ಕೆ ಹೋಗಿದ್ದರು. ಮುಗಿಸಿದ ಡಬ್ಬಗಳಿಗೆ ಹಾಕಲು, ತೇವ ಹೀರುವ ಆ ಸಣ್ಣ ಪುಡಿ ಪೊಟ್ಟಣಗಳು ಬೇಕಿದ್ದವು. ಅವು ಅಪ್ಪನ ಬೀರುವಿನಲ್ಲಿರುತ್ತಿದ್ದವು. ಇಷ್ಟು ದಿನವೂ ತಾವೇ ಎದ್ದು, ಮಂಡಿ ನೋವು ಅಂತ ನರಳುತ್ತಾ ಹೋಗಿ ತಂದುಕೊಡುತ್ತಿದ್ದರು, ಅವಳನ್ನು ಮುಟ್ಟಗೊಡುತ್ತಿರಲಿಲ್ಲ. ಈಗ ಅವಳೇ ಬಾಗಿಲು ತೆಗೆದಳು. ಪಂಚೆಗಳ ಹಿಂದೆ, ಹಳೆಯ ಕಾಕಿ ಶರಟಿನಲ್ಲಿ ಸುತ್ತಿ ಇಟ್ಟಿತ್ತು ಏಳನೇ ಡಬ್ಬ. ಮೇಲೆ ಅಪ್ಪನದೇ ದುಂಡು ಅಕ್ಷರ: ಕುಡಿಯುವ ನೀರು.

ಅಲ್ಲೇ ನೆಲದ ಮೇಲೆ ಕೂತು ಒಂದೊಂದೇ ಎತ್ತಿ ಬೆಳಕಿಗೆ ಹಿಡಿದಳು. ಬಾವಿ. ಬೋರ್‌ವೆಲ್ಲು. ಹನ್ನೆರಡನೆಯದರಲ್ಲಿ ಒಂದು ಮಣ್ಣಿನ ಮನೆಯ ಮುಂದೆ, ಜಗುಲಿಯ ಮೇಲೆ ಬಾಯಿ ತೆರೆದ ನೀರಿನ ಮಡಕೆ. ಪಕ್ಕದಲ್ಲಿ ಸೆರಗು ಬಿಗಿದು ಕಟ್ಟಿದ ಒಬ್ಬ ಹೆಂಗಸು. ಅಗಲ ಹಣೆ, ಎರಡು ಹುಬ್ಬಿನ ನಡುವೆ ಒಂದು ಗೆರೆ. ದಿನಾ ಬೆಳಿಗ್ಗೆ ತಲೆ ಬಾಚುವಾಗ ಸಂಘಮಿತ್ರಾ ಕನ್ನಡಿಯಲ್ಲಿ ನೋಡುವ ಹಣೆ ಅದೇ. ಆ ಹಣೆಯ ಮೇಲೆ ಹಾದು, ಮಡಕೆಯ ಮೇಲೆ ಹಾದು, ಮೂಲೆಯಿಂದ ಮೂಲೆಗೆ ಕೆಂಪು ಇಂಟು ಗುರುತು. ಹದಿಮೂರನೆಯದರಲ್ಲಿ ಇಪ್ಪತ್ನಾಲ್ಕು ವರ್ಷದ ಕೆಂಪಕ್ಕ, ಬೇರೆ ಮನೆ, ಬೇರೆ ಮಡಕೆ, ಮಡಕೆಯ ಮೇಲೆ ಮುಚ್ಚಳ. ಹಸಿರು ರೈಟ್ ಗುರುತು.

ಅವಳು ಇಪ್ಪತ್ತೈದು ವರ್ಷದಿಂದ ಮಕ್ಕಳ ನೋಟ್‌ಬುಕ್ಕಿನಲ್ಲಿ ಹಾಕುತ್ತಾ ಬಂದದ್ದೂ ಅದೇ ಕೆಂಪು ಇಂಟು ಗುರುತು. ಸಿಟ್ಟು ನೆತ್ತಿಗೇರಿತು.

ಯಲ್ಲಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದವರು ಡಬ್ಬ ನೋಡಿ ಬಾಗಿಲಲ್ಲೇ ನಿಂತರು. ಬೈಯುವುದಕ್ಕೆ ಅವಳ ಹತ್ತಿರ ಬೇಕಾದಷ್ಟಿತ್ತು. ಅವ್ವನಿಗೆ ಕೇಳಿಸಬಾರದಲ್ಲ ಅಂತ ಹಲ್ಲು ಕಚ್ಚಿಕೊಂಡು ಬೈದಳು. ಹನ್ನೊಂದು ದಿನ ಸೊಳ್ಳೆ, ಕಜ್ಜಿ, ಹೇನು ಅಂತ ನನ್ನ ಪ್ರಾಣ ತಿಂದೆ, ಅಲ್ಲಿ ಅವ್ವನ ಕಣ್ಣು ಹೋಗ್ತಾ ಇದೆ, ಇಲ್ಲಿ ನೀನು ಬಚ್ಚಿಟ್ಟುಕೊಂಡು ಕೂತಿದ್ದೀಯ ಅಂದಳು. ಸ್ವಂತ ಅತ್ತೆಯ ಮೇಲೆ ಕೆಂಪು ಗೀಟು ಎಳೆದು ಊರೂರಿಗೆ ತೋರಿಸಿ ನಗಿಸಿದ್ದೀಯಲ್ಲ, ಎಷ್ಟು ವರ್ಷ ತೋರಿಸಿದೆ ಅಂತ ಕೇಳಿದಳು.

"ಇಪ್ಪತ್ತೆರಡು," ಅಂದರು ಯಲ್ಲಯ್ಯ. ಇದಕ್ಕೆ ಮಾತ್ರ ಸುಳ್ಳು ಹೇಳಲಿಲ್ಲ.

ಮಂಚದ ತುದಿಗೆ ಕೂತು, ಒದ್ದೆ ಟವೆಲ್ಲನ್ನು ಮಡಿಸುತ್ತಾ ಬಿಚ್ಚುತ್ತಾ ಹೇಳಿದರು. ಎಪ್ಪತ್ತಮೂರನೇ ಇಸವಿ, ನೀರಿನ ಮೇಲೆ ಹೊಸ ಸೆಟ್ಟು ಮಾಡಬೇಕು ಅಂತ ಆರ್ಡರ್ ಬಂತಂತೆ. ತೆರೆದ ಮಡಕೆಯ ಫೋಟೋ ಬೇಕು. ಯಾರ ಮನೆಗೆ ಹೋಗಿ, ನಿಮ್ಮದು ತಪ್ಪು ಮನೆ, ನಿಂತುಕೊಳ್ಳಿ ಫೋಟೋ ತೆಗೀತೀನಿ ಅನ್ನುವುದು? ಹುಳಿಮಾವು ಗೊಟ್ಟಿಗೆರೆಯಲ್ಲಿ ಕೇಳಿದರೆ ಹೊಡೆಯಲು ಬಂದರು. ಆಫೀಸಿನಲ್ಲಿ ಸಾಹೇಬರು, ಅಷ್ಟು ದೂರ ಯಾಕಯ್ಯ ಹೋಗ್ತೀಯ, ನಿಮ್ಮ ಕೇರೀಲೇ ತೆಗಿ, ಅಲ್ಲೇನು ಗಲೀಜಿಗೆ ಬರವಾ ಅಂದರು. ಸುತ್ತ ಕೂತಿದ್ದವರೆಲ್ಲ ನಕ್ಕರು. ಯಲ್ಲಯ್ಯನಿಗೆ ಮೈಯೆಲ್ಲ ಉರಿದುಹೋಯಿತು, ಆದರೆ ಕೆಲಸ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ನಗುತ್ತಿದ್ದವರ ಜೊತೆ ತಾವೂ ನಕ್ಕು, ಕ್ಯಾಮೆರಾ ತಗಲಿಹಾಕಿಕೊಂಡು ಕೇರಿಗೆ ಬಂದರು. ಯಾರ ಮನೆ ಮುಂದೆ ನಿಲ್ಲಲೂ ಮುಖ ಇಲ್ಲದೆ ಅತ್ತೆಯ ಮನೆಗೆ ಹೋದರು.

"ಆ ಕೇರೀಲೇ ನಿಮ್ಮಜ್ಜಿಯಷ್ಟು ಚೊಕ್ಕಟ ಯಾರೂ ಇರ್ಲಿಲ್ಲ ಕಣವ್ವ. ಮಡಕೆ ಮೇಲೆ ಮುಚ್ಚಳ ಇಲ್ದಿದ್ದಿದ್ದು ನಾನು ಕಾಣೆ. ನಾನೇ ತೆಗಿ ಅತ್ತೆ ಅಂದೆ. ಒಂದ್ ನಿಮ್ಸ ಅಂದೆ. ಯಾತಕ್ಕೆ ಅಂತ ಕೇಳ್ಲಿಲ್ಲ, ಅಳಿಯ ಹೇಳ್ದ ಅಂತ ತೆಗೆದ್ಲು."

ಮುಂದಿನ ಮಳೆಗಾಲದಲ್ಲಿ ಚೌಡಕ್ಕ ತೀರಿಕೊಂಡಳು. ಅದರ ಮೇಲಿನ ಗೀಟು ಒರೆಸಿ ಹೆಂಡತಿಗೆ ತೋರಿಸಬೇಕು ಅಂತ ಯಲ್ಲಯ್ಯ ಐವತ್ತು ವರ್ಷ ಅಂದುಕೊಳ್ಳುತ್ತಲೇ ಇದ್ದರು. ಈಗ ಅವರು ಕೇಳಿದ್ದೂ ಅಷ್ಟೇ. ಒರೆಸಿದ ಮೇಲೆ ತೋರಿಸು. ತಾಯಿ ತಪ್ಪಿನ ಕಡೆಗೆ, ಮಗಳು ಸರಿಯ ಕಡೆಗೆ ಅಂತ ಕೆಂಪಿಗೆ ಈ ವಯಸ್ಸಿನಲ್ಲಿ ಗೊತ್ತಾಗುವುದು ಬೇಡ.

ಸಂಘಮಿತ್ರಾಗೆ ಇನ್ನೂ ಬೈಯಬೇಕು ಅನ್ನಿಸಿತು, ಯಾರನ್ನು ಅಂತ ಮಾತ್ರ ತಿಳಿಯಲಿಲ್ಲ. ಗೀಟು ಫೋನಿನಲ್ಲೇ ಅಳಿಸಬಹುದು, ಎರಡು ನಿಮಿಷದ ಕೆಲಸ ಅಂದಳು. ಯಲ್ಲಯ್ಯ ಒಪ್ಪಲಿಲ್ಲ. ಹಾಕಿದ್ದು ನಾನು, ಒರೆಸುವುದೂ ನಾನೇ ಅಂದರು. ಎಂಬತ್ತೆರಡು ವರ್ಷದ ನಡುಗುವ ಕೈ, ಜಗತ್ತಿನಲ್ಲಿ ಆಯಮ್ಮನ ಮುಖ ಇರುವುದು ಅಂಚೆ ಚೀಟಿಯಷ್ಟು ಜಾಗದಲ್ಲಿ. ಜಾರಿದರೆ ಮುಗಿಯಿತು. ಅವಳು ಮೊದಲು ಗೀಟು ಸಮೇತ ಒಂದು ಫೋಟೋ ತೆಗೆದಿಟ್ಟುಕೊಂಡಳು, ಅಷ್ಟು ದಡ್ಡಿಯಲ್ಲ. ಆಮೇಲೆ ಹತ್ತಿ, ಸ್ಪಿರಿಟ್ಟು ತಂದುಕೊಟ್ಟು ಎದುರಿಗೆ ಕೂತಳು.

ಫಿಲಮಿಗೆ ಎರಡು ಕಡೆ. ಮಾಸಲು ಕಡೆಗೆ ಚಿತ್ರ ಅಂಟಿರುತ್ತದೆ, ಮುಟ್ಟಿದರೆ ಕಿತ್ತುಬರುತ್ತದೆ. ಹೊಳೆಯುವ ಕಡೆ ಬರೀ ಪ್ಲಾಸ್ಟಿಕ್ಕು. ಯಲ್ಲಯ್ಯ ಸ್ಲೈಡನ್ನು ಕಿಟಕಿಗೆ ಓರೆಯಾಗಿ ಹಿಡಿದು ತೋರಿಸಿದರು. ಉಳಿದೆಲ್ಲದರ ಮೇಲೂ ಯಾವ ಕಡೆ ಸಿಕ್ಕಿತೋ ಆ ಕಡೆಗೆ ಬರೆದಿದ್ದರಂತೆ. ಇದೊಂದರಲ್ಲಿ ಮಾತ್ರ ನೋಡಿಕೊಂಡು ಹೊಳೆಯುವ ಕಡೆಗೇ ಬರೆದಿದ್ದರು. ಹತ್ತಿಯನ್ನು ಬೆಂಕಿಕಡ್ಡಿಯ ತುದಿಗೆ ಸುತ್ತಿ, ಒಂದೊಂದು ಕೂದಲೆಳೆಯಷ್ಟು ಒರೆಸುತ್ತಾ ಹೋದರು. ಮೊದಲು ಹತ್ತಿ ಕೆಂಪಾಯಿತು, ಆಮೇಲೆ ನಸುಗೆಂಪು. ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಅಪ್ಪ ಒಂದೂ ಪುರಾಣ ಹೇಳಲಿಲ್ಲ, ಅವಳೂ ಬೇಗ ಅನ್ನಲಿಲ್ಲ.

ಸ್ಲೈಡನ್ನು ಶೂ ಡಬ್ಬದೊಳಗೆ ಇಟ್ಟು ಫೋಟೋ ತೆಗೆದು, ಟೀವಿಗೆ ಹಾಕಿ, ಅವ್ವನ ಕೈ ಹಿಡಿದು ಕರೆತಂದಳು. ಕೆಂಪಕ್ಕ ಟೀವಿಯ ಮುಂದೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಕತ್ತನ್ನು ಎಡಕ್ಕೆ ತಿರುಗಿಸಿದಳು, ಸಾಲದು ಅಂತ ಇನ್ನಷ್ಟು ತಿರುಗಿಸಿದಳು. ಯಲ್ಲಯ್ಯ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು.

"ಗೀಟೆಲ್ಲೋಯ್ತು?" ಅಂದಳು ಕೆಂಪಕ್ಕ.

ಸಂಘಮಿತ್ರಾ ಅಪ್ಪನ ಕಡೆ ನೋಡಿದಳು.

"ಕೆಂಪು ಗೀಟು ಇತ್ತಲ್ಲ. ಹುಳಿಮಾವು ಇಸ್ಕೂಲ್‌ತಾವ ನೋಡಿದ್ನಲ್ಲ ನಾನು."

ಆಮೇಲೆ ಅವಳು ಟೀವಿಯಿಂದ ಕಣ್ಣು ತೆಗೆಯದೆ ಹೇಳಿದಳು. ತನ್ನ ಫೋಟೋ ಪರದೆಯ ಮೇಲೆ ಬರುತ್ತದೆ ಅಂತ ಗೊತ್ತಾಗಿ, ಗಂಡನಿಗೆ ಹೇಳದೆ ಕೇರಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ನಡೆದುಕೊಂಡೇ ಹೋಗಿದ್ದಳಂತೆ. ಹಿಂದೆ ಕತ್ತಲಲ್ಲಿ ನಿಂತಿದ್ದರು. ತನ್ನ ಫೋಟೋಗೆ ಮುಂಚೆ ಅವ್ವ ಬಂದಳು, ಮೈಮೇಲೆ ಕೆಂಪು ಗೀಟು ಹಾಕಿಸಿಕೊಂಡು. ಜನ ಎಲ್ಲ ನಕ್ಕರು. ಪಕ್ಕದವಳು ಅದು ನಿಮ್ಮವ್ವ ಅಲ್ಲವಾ ಅಂದಳು. ಅಲ್ಲ ಅಂದಳು ಕೆಂಪಕ್ಕ. ಅಲ್ಲ ಅಂದು, ತಾನೂ ನಕ್ಕು, ತಲೆ ಬಗ್ಗಿಸಿದವಳು ಮತ್ತೆ ಎತ್ತಲಿಲ್ಲ. ತನ್ನ ಫೋಟೋ ಬಂದು ಹೋದದ್ದನ್ನೂ ನೋಡಲಿಲ್ಲ.

"ಒಂದೇ ಒಂದ್ಸಲ ಕಂಡಿದ್ದು, ಮೊಕ ನೋಡ್ಲಿಲ್ಲ ನಾನು," ಅಂದಳು. "ನಮ್ಮವ್ವ ಮಡಕೆ ತೆರೆದಿಕ್ಕೋಳಲ್ಲ. ಅವತ್ತೊಂದಿನ ಹೆಂಗೆ ಮರ್ತ್ಲು ಅಂತ ಐವತ್ತು ವರ್ಷದಿಂದ ಅಂದ್ಕೊತೀನಿ."

ಯಲ್ಲಯ್ಯ ಕೆಂಪಿ ಅಂದರು. ಸಂಘಮಿತ್ರಾ ತಾನೇ ಹೇಳಿಬಿಡೋಣ ಅಂತ ಒಂದು ಹೆಜ್ಜೆ ಮುಂದೆ ಬಂದಳು. ಅಷ್ಟರಲ್ಲಿ ಕೆಂಪಕ್ಕನ ಕೈ ಮೇಲೆ ಹೋಯಿತು. ಬೆರಳನ್ನು ಟೀವಿಯ ಗಾಜಿನ ಮೇಲೆ ಆಡಿಸುತ್ತಾ, ಸೊಪ್ಪಿನಲ್ಲಿ ಕಡ್ಡಿ ಹುಡುಕುವ ಹಾಗೆ, ಹಣೆಯಿಂದ ಕೆನ್ನೆಗೆ, ಹೆಗಲಿಗೆ, ತೋಳಿನಿಂದ ಕೆಳಕ್ಕೆ ಬಂದಳು. ಸೆರಗಿನ ಮರೆಯಲ್ಲಿ ಅರ್ಧ ಕಾಣುತ್ತಿದ್ದ ಬಲಗೈಯ ಹತ್ತಿರ ಬೆರಳು ನಿಂತಿತು.

ಸಂಘಮಿತ್ರಾ ಅದನ್ನು ಕಂಡಿರಲಿಲ್ಲ. ಎರಡೂ ಕಣ್ಣು ನೆಟ್ಟಗಿದ್ದು, ಹತ್ತು ಸಲ ದೊಡ್ಡದು ಮಾಡಿ ನೋಡಿದರೂ ಅವಳಿಗೆ ಕಂಡದ್ದು ಮುಖ, ಮಡಕೆ, ಗೀಟು.

"ಕೈಯಾಗೇ ಐತಲ್ಲ ಮುಚ್ಚಳ," ಅಂದಳು ಕೆಂಪಕ್ಕ. "ಹಿಡ್ಕಂಡೇ ನಿಂತವ್ಳೆ."

ಬೆರಳು ಅಲ್ಲಿಂದ ಕದಲಲಿಲ್ಲ. ಗಂಡನ ಕಡೆ ತಿರುಗದೆಯೇ ಕೇಳಿದಳು.

"ಎಷ್ಟೊತ್ತು ನಿಲ್ಸಿದ್ರಿ ಇವ್ಳನ್ನ?"

ಮೋಡ ಅಡ್ಡ ಬಂದಿತ್ತು, ಬಿಸಿಲು ಬರಲಿ ಅಂತ ಕಾದೆ ಅಂದರು ಯಲ್ಲಯ್ಯ. ಸುಮಾರು ಹೊತ್ತು ಕಾದೆ.

"ಬೇಗ ತೆಗೀಬಾರ್ದಿತ್ತಾ," ಅಂದಳು ಕೆಂಪಕ್ಕ. "ನೀರಿಗೆ ದೂಳು ಬೀಳ್ತದೆ ಅಂತ ಎಷ್ಟು ಸಂಕಟಪಟ್ಟವ್ಳೋ."

ಅಷ್ಟು ಹೇಳಿ, ಕುರ್ಚಿ ಹತ್ತಿರ ಎಳೆದುಕೊಡು ಅಂತ ಮಗಳಿಗೆ ಹೇಳಿದಳು. ಸಂಘಮಿತ್ರಾ ಎಳೆದುಕೊಟ್ಟಳು. ಕೆಂಪಕ್ಕ ಕತ್ತು ವಾರೆ ಮಾಡಿಕೊಂಡು ಕೂತು ತಾಯಿಯ ಮುಖ ನೋಡತೊಡಗಿದಳು.